ಎಸಿಎನ್-ಡೇಟಾ ಮತ್ತು ಎಸಿಎನ್-ಸಿಮ್: ವಿದ್ಯುತ್ ವಾಹನ ಚಾರ್ಜಿಂಗ್ ಸಂಶೋಧನೆಗೆ ಇಳಿಯುವ ವಿದ್ಯಾರ್ಥಿಗಳಿಗಾಗಿ ಒಂದು ವಿಮರ್ಶೆ

ವಿದ್ಯುತ್ ವಾಹನಗಳ ಚಾರ್ಜಿಂಗ್ ಕುರಿತು ಪ್ರಬಂಧ ಬರೆಯಲು ಹೊರಟ ವಿದ್ಯಾರ್ಥಿಗೆ ಮೊದಲ ತೊಡಕು ಎದುರಾಗುವುದು ದತ್ತಾಂಶದಲ್ಲಿ. ಕಾರುಗಳು ಯಾವ ಹೊತ್ತಿಗೆ ಬಂದು ನಿಲ್ಲುತ್ತವೆ, ಎಷ್ಟು ಹೊತ್ತು ಪ್ಲಗ್‌ನಲ್ಲೇ ಇರುತ್ತವೆ, ಅಷ್ಟರಲ್ಲಿ ಎಷ್ಟು ವಿದ್ಯುತ್ ಪಡೆಯುತ್ತವೆ ಎಂಬ ದಾಖಲೆಗಳು ಚಾರ್ಜಿಂಗ್ ಕೇಂದ್ರಗಳನ್ನು ನಡೆಸುವ ಕಂಪನಿಗಳ ಬಳಿ ಇರುತ್ತವೆ. ವ್ಯಾಪಾರದ ಗುಟ್ಟು ಮತ್ತು ಬಳಕೆದಾರರ ಖಾಸಗಿತನ ಎಂಬ ಎರಡು ಕಾರಣಗಳಿಂದ ಅವು ಹೊರಗೆ ಬರುವುದು ಅಪರೂಪ. ಹೀಗಾಗಿ ಎಷ್ಟೋ ಪ್ರಬಂಧಗಳಲ್ಲಿ ಕಾರುಗಳ ಆಗಮನವನ್ನು ಒಂದು ಗಂಟೆಯಾಕಾರದ ವಕ್ರರೇಖೆಯಿಂದ ಊಹಿಸಿಕೊಂಡು, ಬೇಡಿಕೆಯನ್ನೂ ಊಹಿಸಿಕೊಂಡು, ಕೊನೆಗೆ ಯಾವ ಕಾರಿಗೆ ಯಾವಾಗ ಎಷ್ಟು ವಿದ್ಯುತ್ ಕೊಡಬೇಕೆಂದು ನಿರ್ಧರಿಸುವ, ಆ ಊಹೆಗಳಿಗೇ ಹೊಂದುವ ಅಲ್ಗಾರಿದಮ್ ಒಂದನ್ನು ಯಶಸ್ವಿಯೆಂದು ತೋರಿಸುವ ಪರಿಪಾಠ ಬೆಳೆದುಬಂದಿದೆ. ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆ, ಅಂದರೆ ಕ್ಯಾಲ್‌ಟೆಕ್, 2019ರಲ್ಲಿ ಪ್ರಕಟಿಸಿದ ಎಸಿಎನ್-ಡೇಟಾ (ಎಸಿಎನ್ ಎಂದರೆ ಅಡಾಪ್ಟಿವ್ ಚಾರ್ಜಿಂಗ್ ನೆಟ್‌ವರ್ಕ್, ಹೊಂದಿಕೊಳ್ಳುವ ಚಾರ್ಜಿಂಗ್ ಜಾಲ) ಎಂಬ ಮುಕ್ತ ದತ್ತಾಂಶವನ್ನೂ ಅದರ ಜೊತೆಗಾರನಾದ ಎಸಿಎನ್-ಸಿಮ್ ಎಂಬ ಸಿಮ್ಯುಲೇಟರನ್ನೂ ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಈ ವಿಷಯವನ್ನು ಹೊಸದಾಗಿ ಕೈಗೆತ್ತಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಕಂಡಿಲ್ಲ. ಆದರೆ ಇದರಿಂದ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬ ಎಚ್ಚರವಿಲ್ಲದೆ ಬಳಸಿದರೆ ಅದೇ ಒಳ್ಳೆಯ ಸಾಧನ ದಾರಿ ತಪ್ಪಿಸಲೂಬಲ್ಲದು.

ಪ್ರಾಧ್ಯಾಪಕ ಸ್ಟೀವನ್ ಲೋ ಅವರ ಸಂಶೋಧನಾ ಗುಂಪು ಚಾರ್ಜಿಂಗ್ ವ್ಯವಸ್ಥೆಗಳನ್ನು ನಡೆಸುವ ಪವರ್‌ಫ್ಲೆಕ್ಸ್ ಕಂಪನಿಯ ಸಹಯೋಗದಲ್ಲಿ ಈ ದತ್ತಾಂಶವನ್ನು ರೂಪಿಸಿದೆ. ದಾಖಲೆಗಳು ಮೂರು ಸ್ಥಳಗಳಿಂದ ಬಂದಿವೆ: ಕ್ಯಾಲ್‌ಟೆಕ್ ಆವರಣದ ವಾಹನ ನಿಲುಗಡೆ ಕಟ್ಟಡ, ನಾಸಾಗೆ ಸೇರಿದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ (ಜೆಪಿಎಲ್), ಮತ್ತು ಒಂದು ಕಚೇರಿ ಕಟ್ಟಡ. ಕ್ಯಾಲ್‌ಟೆಕ್‌ನ ದಾಖಲೆ 2018ರ ಏಪ್ರಿಲ್‌ನಿಂದ ಶುರುವಾಗುತ್ತದೆ. ಅಲ್ಲಿ ಹೊರಗಿನವರೂ ಚಾರ್ಜ್ ಮಾಡಿಕೊಳ್ಳಬಹುದು. ಜೆಪಿಎಲ್‌ನಲ್ಲಿ ನೌಕರರಿಗಷ್ಟೇ ಪ್ರವೇಶ. ಹೆಸರು ನೋಂದಾಯಿಸಿ ಒಂದು ಟೋಕನ್ ಪಡೆದರೆ ಸಾಕು, ಜಾಲತಾಣದಿಂದ ನೇರವಾಗಿಯೂ ಪೈಥಾನ್ ಪ್ರೋಗ್ರಾಮಿನ ಮೂಲಕವೂ ದಾಖಲೆಗಳನ್ನು ಇಳಿಸಿಕೊಳ್ಳಬಹುದು. ಅದಕ್ಕೆ ಶುಲ್ಕವಿಲ್ಲ.

ಪ್ರತಿಯೊಂದು ಚಾರ್ಜಿಂಗ್‌ಗೂ ಒಂದೊಂದು ದಾಖಲೆ ಇದ್ದು, ಅದರಲ್ಲಿ ಕಾರು ಪ್ಲಗ್‌ಗೆ ಸೇರಿದ ಸಮಯ, ಪ್ಲಗ್ ಕಳಚಿದ ಸಮಯ, ಕೊಟ್ಟ ವಿದ್ಯುತ್ತಿನ ಕಿಲೋವ್ಯಾಟ್-ಗಂಟೆ, ಚಾರ್ಜರಿನ ಗುರುತು ಇವೆಲ್ಲ ಸಿಗುತ್ತವೆ. ಇವುಗಳ ಜೊತೆಗೆ, ಇತರ ಮುಕ್ತ ದತ್ತಾಂಶಗಳಲ್ಲಿ ಸಾಮಾನ್ಯವಾಗಿ ಕಾಣಸಿಗದ ಎರಡು ಅಂಶಗಳು ಇಲ್ಲಿವೆ, ಮತ್ತು ನನ್ನ ದೃಷ್ಟಿಯಲ್ಲಿ ಇದರ ಬೆಲೆಯೆಲ್ಲ ಅವುಗಳಲ್ಲೇ ಇದೆ. ಮೊದಲನೆಯದು, ಚಾರ್ಜ್ ಆಗುವುದು ನಿಂತ ಸಮಯವನ್ನು ಪ್ಲಗ್ ಕಳಚಿದ ಸಮಯದಿಂದ ಪ್ರತ್ಯೇಕವಾಗಿ ದಾಖಲಿಸಿರುವುದು. ಈ ಎರಡರ ನಡುವಿನ ಅಂತರವೇ ನಿಯಂತ್ರಿತ ಚಾರ್ಜಿಂಗಿನ ಇಡೀ ಬಂಡವಾಳ. ಬೆಳಿಗ್ಗೆ ಬಂದು ಎಂಟು ಗಂಟೆ ನಿಲ್ಲುವ ಕಾರಿಗೆ 12 ಕಿಲೋವ್ಯಾಟ್-ಗಂಟೆ ಬೇಕಿದೆ ಎಂದುಕೊಳ್ಳೋಣ. 208 ವೋಲ್ಟ್, 32 ಆಂಪಿಯರ್ ಚಾರ್ಜರ್ ಸುಮಾರು 6.7 ಕಿಲೋವ್ಯಾಟ್ ಕೊಡುತ್ತದೆ, ಆದ್ದರಿಂದ ಎರಡು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಉಳಿದ ಆರು ಗಂಟೆಗೂ ಹೆಚ್ಚಿನ ಬಿಡುವಿನಲ್ಲಿ ಆ ವಿದ್ಯುತ್ತನ್ನು ಯಾವಾಗ ಬೇಕಾದರೂ ಕೊಡಬಹುದು. ಸೌರವಿದ್ಯುತ್ ಹೆಚ್ಚಿರುವ ಮಧ್ಯಾಹ್ನಕ್ಕೆ ಬೇಡಿಕೆಯನ್ನು ಸರಿಸುವುದು, ಜಾಲದ ಮೇಲಿನ ಗರಿಷ್ಠ ಹೊರೆಯನ್ನು ತಗ್ಗಿಸುವುದು, ಕಡಿಮೆ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರಿನಲ್ಲೇ ಹೆಚ್ಚು ಕಾರುಗಳನ್ನು ಸುಧಾರಿಸುವುದು ಇವೆಲ್ಲ ಈ ಬಿಡುವನ್ನೇ ಅವಲಂಬಿಸಿವೆ. ಅದನ್ನು ಊಹಿಸುವ ಬದಲು ಅಳೆಯಲು ಈ ದಾಖಲೆಗಳು ಅವಕಾಶ ಕೊಡುತ್ತವೆ.

ಎರಡನೆಯದು ಬಳಕೆದಾರರೇ ಮೊಬೈಲ್ ಆ್ಯಪ್‌ನಲ್ಲಿ ನಮೂದಿಸಿದ ಮಾಹಿತಿ: ತಮಗೆ ಎಷ್ಟು ಮೈಲಿ ಓಡಿಸುವಷ್ಟು ಚಾರ್ಜ್ ಬೇಕು ಮತ್ತು ಯಾವಾಗ ಹೊರಡುತ್ತೇವೆ ಎಂಬುದು. ಹೇಳಿದ್ದನ್ನೂ ನಿಜವಾಗಿ ನಡೆದದ್ದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬಹುದಾದ ಇಂಥ ಅವಕಾಶ ಬಹಳ ವಿರಳ. ದತ್ತಾಂಶವನ್ನು ಪರಿಚಯಿಸಿದ 2019ರ ಪ್ರಬಂಧವೇ, ಬಳಕೆದಾರರು ನಮೂದಿಸಿದ ಅಂಕಿಗಳು ಸಾಕಷ್ಟು ತಪ್ಪಿರುತ್ತವೆಂದೂ ಅವರ ಹಿಂದಿನ ವರ್ತನೆಯಿಂದ ಮಾಡಿದ ಅಂದಾಜು ಅದಕ್ಕಿಂತ ನಿಖರವಾಗಿರಬಲ್ಲದೆಂದೂ ತೋರಿಸಿತು. ಗಣಿತವಷ್ಟೇ ಅಲ್ಲದೆ ಮನುಷ್ಯರ ನಡವಳಿಕೆಯಲ್ಲಿಯೂ ಆಸಕ್ತಿಯಿರುವ ವಿದ್ಯಾರ್ಥಿಗೆ ಇಲ್ಲಿ ಇನ್ನೂ ಎಷ್ಟೋ ಪ್ರಶ್ನೆಗಳು ಕಾದಿವೆ. ಒಂದು ಉದಾಹರಣೆ: ಕ್ಯಾಲ್‌ಟೆಕ್‌ನಲ್ಲಿ ಉಚಿತವಾಗಿದ್ದ ಚಾರ್ಜಿಂಗ್‌ಗೆ 2018ರ ನವೆಂಬರ್ 1ರಿಂದ ಹಣ ಪಡೆಯಲು ಆರಂಭಿಸಿದರು. ಶುಲ್ಕವೊಂದು ಜನರ ಅಭ್ಯಾಸವನ್ನು ಹೇಗೆ ಬದಲಿಸುತ್ತದೆ ಎಂಬುದರ ಸಹಜ ಪ್ರಯೋಗವೇ ಆ ತಾರೀಖಿನ ಎರಡೂ ಬದಿಗಳಲ್ಲಿ ದಾಖಲಾಗಿದೆ.

ಈಗ ಸಿಮ್ಯುಲೇಟರಿನ ವಿಷಯ. ಎಸಿಎನ್-ಸಿಮ್ ಪೈಥಾನ್‌ನಲ್ಲಿ ಬರೆದ ಮುಕ್ತ ತಂತ್ರಾಂಶ. ದತ್ತಾಂಶದಿಂದ ಕಾರುಗಳ ಆಗಮನವನ್ನು ತೆಗೆದುಕೊಂಡು, ಚಾರ್ಜರ್‌ಗಳು, ಬ್ಯಾಟರಿಗಳು, ತಂತಿಗಳು ಮತ್ತು ಟ್ರಾನ್ಸ್‌ಫಾರ್ಮರ್‌ಗಳ ಮಾದರಿಗಳ ನಡುವೆ ನಿಮ್ಮ ಅಲ್ಗಾರಿದಮನ್ನು ಓಡಿಸಿ ನೋಡಲು ಇದು ಅನುವು ಮಾಡಿಕೊಡುತ್ತದೆ. ಹೋಲಿಕೆಗೆ ಬೇಕಾದ ಸರಳ ವಿಧಾನಗಳು ಮೊದಲೇ ಸಿದ್ಧವಾಗಿವೆ: ನಿಯಂತ್ರಣವಿಲ್ಲದ ಚಾರ್ಜಿಂಗ್, ಮೊದಲು ಬಂದವರಿಗೆ ಮೊದಲು, ಬೇಗ ಹೊರಡುವವರಿಗೆ ಮೊದಲು, ಬಿಡುವು ಕಡಿಮೆಯಿರುವವರಿಗೆ ಮೊದಲು, ಸರದಿಯಂತೆ ಎಲ್ಲರಿಗೂ ಸ್ವಲ್ಪ ಸ್ವಲ್ಪ. ತಾನು ಕಟ್ಟಿದ ಸಂಕೀರ್ಣ ವಿಧಾನವು ಈ ಸರಳ ವಿಧಾನಗಳಿಗಿಂತ ನಿಜಕ್ಕೂ ಮೇಲೆಯೇ ಎಂಬುದನ್ನು ವಿದ್ಯಾರ್ಥಿಯು ಒಂದು ಮಧ್ಯಾಹ್ನದಲ್ಲಿ ಪರೀಕ್ಷಿಸಬಹುದಾದ್ದರಿಂದ, ಹಾಗೆ ಪರೀಕ್ಷಿಸದೆ ಬರೆದ ಪ್ರಬಂಧಕ್ಕೆ ಇನ್ನು ನೆಪವಿಲ್ಲ.

ಆದರೆ ಈ ತಂತ್ರಾಂಶದಲ್ಲಿ ನಾನು ಅತಿ ಹೆಚ್ಚು ಮೆಚ್ಚಿದ್ದು ವಿದ್ಯುತ್ ಜಾಲದ ಮಾದರಿಯನ್ನು. ಕ್ಯಾಲ್‌ಟೆಕ್ ಜಾಲದ ಮಾದರಿಯಲ್ಲಿ 54 ಚಾರ್ಜರ್‌ಗಳಿವೆ. ಎಲ್ಲವೂ ಏಕಕಾಲಕ್ಕೆ ಪೂರ್ಣ ಪ್ರಮಾಣದಲ್ಲಿ ಎಳೆದರೆ ಸುಮಾರು 360 ಕಿಲೋವ್ಯಾಟ್ ಬೇಕು, ಟ್ರಾನ್ಸ್‌ಫಾರ್ಮರಿನ ಮಿತಿ 150 ಕೆವಿಎ (ಇಲ್ಲಿ ಸರಿಸುಮಾರು 150 ಕಿಲೋವ್ಯಾಟ್ ಎಂದುಕೊಳ್ಳಬಹುದು) ಮಾತ್ರ. ಇಂಥ ಕಡೆ ಹೆಚ್ಚಿನ ಸಂಶೋಧಕರು ಒಟ್ಟು ಶಕ್ತಿ ಇಷ್ಟನ್ನು ಮೀರಬಾರದು ಎಂಬ ಒಂದೇ ಸಾಲಿನ ನಿರ್ಬಂಧ ಹಾಕಿ ಮುಂದೆ ಹೋಗಿಬಿಡುತ್ತಾರೆ. ವಾಸ್ತವದಲ್ಲಿ ಪ್ರತಿ ಚಾರ್ಜರ್ ಮೂರು ಫೇಸ್‌ಗಳ ಪೈಕಿ ಯಾವುದಾದರೂ ಎರಡರ ನಡುವೆ ಜೋಡಣೆಯಾಗಿರುತ್ತದೆ. ಒಂದೇ ಜೋಡಿಯ ಮೇಲೆ ಹೆಚ್ಚು ಕಾರುಗಳು ಬಂದು ನಿಂತ ದಿನ, ಒಟ್ಟು ಹೊರೆ ಮಿತಿಯೊಳಗೇ ಇದ್ದರೂ ಆ ಜೋಡಿಯ ತಂತಿಗಳು ಮಿತಿ ಮೀರಿ ಬಿಸಿಯಾಗಬಹುದು. ಬೇರೆ ಬೇರೆ ಜೋಡಿಗಳ ಕರೆಂಟ್‌ಗಳು ಕೋನಗಳಲ್ಲಿ ಬೇರೆಯಾಗಿರುವುದರಿಂದ ಅವನ್ನು ಸುಮ್ಮನೆ ಕೂಡುವಂತಿಲ್ಲ, ಫೇಸರ್‌ಗಳಾಗಿಯೇ, ಅಂದರೆ ಪ್ರಮಾಣದ ಜೊತೆ ಕೋನವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಕೂಡಬೇಕು. ಎಸಿಎನ್-ಸಿಮ್ ಈ ಅಸಮತೋಲನವನ್ನು ತಂತಿ ತಂತಿಗೂ ಲೆಕ್ಕ ಹಾಕುತ್ತದೆ. ಕಂಪ್ಯೂಟರ್ ವಿಜ್ಞಾನದಿಂದ ಈ ಕ್ಷೇತ್ರಕ್ಕೆ ಬರುವ ವಿದ್ಯಾರ್ಥಿಗಳು ಈ ಭಾಗದ ಕೋಡನ್ನು ಸಾವಧಾನವಾಗಿ ಓದಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಒಂದು ಪಠ್ಯಕ್ರಮದಲ್ಲಿ ಕಲಿತ ಮೂರು ಫೇಸ್ ಸಿದ್ಧಾಂತ ಇನ್ನೊಂದು ಪಠ್ಯಕ್ರಮದ ಆಪ್ಟಿಮೈಸೇಶನ್ ಜೊತೆ ಸೇರುವುದು ಅಲ್ಲಿಯೇ.

ಚಾರ್ಜರಿನ ಮಾದರಿಯೂ ಹೀಗೆಯೇ ವಾಸ್ತವಕ್ಕೆ ಹತ್ತಿರವಾಗಿದೆ. ಅಮೆರಿಕದಲ್ಲಿ ಕಾರು-ಚಾರ್ಜರ್ ಜೋಡಣೆಗೆ ಬಳಸುವ ಜೆ1772 ಮಾನದಂಡದ ಪ್ರಕಾರ ಚಾರ್ಜರ್ ಕಾರಿಗೆ ಪೈಲಟ್ ಸಂಕೇತದ ಮೂಲಕ ತಿಳಿಸುವುದು ಕರೆಂಟಿನ ಗರಿಷ್ಠ ಮಿತಿಯನ್ನು ಮಾತ್ರ. ಎಷ್ಟು ಎಳೆಯಬೇಕೆಂದು ತೀರ್ಮಾನಿಸುವುದು ಕಾರು. ಆ ಮಿತಿ ಆರು ಆಂಪಿಯರ್‌ಗಿಂತ ಕೆಳಗಿರುವಂತಿಲ್ಲ. ಕೆಲವು ಚಾರ್ಜರ್‌ಗಳಂತೂ 8, 16, 24, 32 ಎಂಬ ಕೆಲವೇ ಮೆಟ್ಟಿಲುಗಳನ್ನು ಸ್ವೀಕರಿಸುತ್ತವೆ. ಬ್ಯಾಟರಿ ತುಂಬುತ್ತಾ ಬಂದಂತೆ, ಮಿತಿ ಎಷ್ಟೇ ಇರಲಿ, ಎಳೆಯುವ ಕರೆಂಟ್ ತಾನಾಗಿ ಇಳಿಯುತ್ತದೆ. ಯಾವುದೇ ಭಿನ್ನಾಂಕದ ಕರೆಂಟನ್ನು ಬೇಕಾದಂತೆ ಕೊಡಬಹುದು ಎಂದು ಭಾವಿಸಿದ ಅಲ್ಗಾರಿದಮ್ ಇಲ್ಲಿಗೆ ಬಂದಾಗ ಎಡವುತ್ತದೆ. ಆದರೆ ತಂತ್ರಾಂಶದಲ್ಲಿ ಆದರ್ಶ ಬ್ಯಾಟರಿ, ಆದರ್ಶ ಚಾರ್ಜರ್‌ಗಳ ಆಯ್ಕೆಯೂ ಇದೆ, ಮತ್ತು ಅವಸರದಲ್ಲಿರುವವರು ಅದರಲ್ಲೇ ಉಳಿದುಬಿಡುವ ಸಾಧ್ಯತೆ ಹೆಚ್ಚು. ಫಲಿತಾಂಶ ಪ್ರಕಟಿಸುವ ಮುನ್ನ ಎರಡು ಹಂತದ (ತುಂಬುತ್ತಾ ಬಂದಂತೆ ಕರೆಂಟ್ ಇಳಿಯುವ) ಬ್ಯಾಟರಿ ಮಾದರಿಗೂ ಮೆಟ್ಟಿಲಿನ ಚಾರ್ಜರ್‌ಗಳಿಗೂ ಬದಲಾಯಿಸಿ ಮತ್ತೊಮ್ಮೆ ಓಡಿಸುವುದು ಅಗತ್ಯ.

ಇನ್ನು ಮಿತಿಗಳು. ಬ್ಯಾಟರಿ ಎಷ್ಟು ತುಂಬಿತ್ತು ಎಂಬ ಮಾಹಿತಿ ಈ ದಾಖಲೆಗಳಲ್ಲಿಲ್ಲ, ಏಕೆಂದರೆ ಮೇಲೆ ಹೇಳಿದ ಪೈಲಟ್ ಸಂಕೇತಕ್ಕೆ ಅದನ್ನು ಕಾರಿನಿಂದ ಕೇಳಿ ಪಡೆಯುವ ಸಾಮರ್ಥ್ಯವೇ ಇಲ್ಲ. ಬ್ಯಾಟರಿಯ ಆಯುಷ್ಯದ ಬಗ್ಗೆ ಸಂಶೋಧನೆ ಮಾಡುವವರಿಗೆ ಇದರಿಂದ ಪ್ರಯೋಜನ ಕಡಿಮೆ. ಆ್ಯಪ್ ಬಳಸದೆ ಚಾರ್ಜ್ ಮಾಡಿಕೊಂಡವರ ದಾಖಲೆಗಳಲ್ಲಿ ಬಳಕೆದಾರರ ಗುರುತೂ ಅವರ ಬೇಡಿಕೆಯೂ ಇರುವುದಿಲ್ಲ; ಅಂಥವನ್ನು ಸುಮ್ಮನೆ ಕೈಬಿಟ್ಟು ವಿಶ್ಲೇಷಿಸಿದರೆ ಆ್ಯಪ್ ಬಳಸುವಷ್ಟು ಶಿಸ್ತಿನ ಜನರ ಚಿತ್ರಣವಷ್ಟೇ ಉಳಿಯುತ್ತದೆ. ಸಮಯಗಳೆಲ್ಲ ಗ್ರೀನಿಚ್ ಕಾಲಮಾನದಲ್ಲಿರುವುದರಿಂದ ಸ್ಥಳೀಯ ಕಾಲಕ್ಕೆ ಬದಲಾಯಿಸಿಕೊಳ್ಳಬೇಕು, ಇಲ್ಲದಿದ್ದರೆ ಬೆಳಗಿನ ಜನಸಂದಣಿ ಮಧ್ಯಾಹ್ನ, ಸಂಜೆಗಳಲ್ಲಿ ಕಾಣಿಸಿಕೊಳ್ಳುತ್ತದೆ. 2020ರ ಮಾರ್ಚ್ ನಂತರ ಕೋವಿಡ್‌ನಿಂದಾಗಿ ಬಳಕೆ ಕುಸಿದಿರುವುದರಿಂದ, ಆ ಅವಧಿಯನ್ನು ಹಿಂದಿನದರ ಜೊತೆ ಬೆರೆಸಿ ಮುನ್ಸೂಚನೆಯ ಮಾದರಿಗಳಿಗೆ ತರಬೇತಿ ಕೊಡುವುದು ಸರಿಯಲ್ಲ.

ಎಲ್ಲಕ್ಕಿಂತ ದೊಡ್ಡ ಮಿತಿ ಮೂರೂ ಸ್ಥಳಗಳು ಕೆಲಸದ ಜಾಗಗಳಾಗಿರುವುದು. ಬೆಳಿಗ್ಗೆ ಬಂದು ಸಂಜೆ ಹೊರಡುವ, ಒಂದೆಡೆ ದೀರ್ಘಕಾಲ ನಿಲ್ಲುವ ಕಾರುಗಳ ವರ್ತನೆಯೇ ಇಲ್ಲಿ ಹೆಚ್ಚಾಗಿದೆ. ಮನೆಯಲ್ಲಿ ರಾತ್ರಿ ಮಾಡುವ ಚಾರ್ಜಿಂಗ್, ಹೆದ್ದಾರಿಯ ವೇಗದ ಚಾರ್ಜರ್‌ಗಳ ಮುಂದಿನ ಸಾಲು, ಡಿಪೋದಲ್ಲಿ ಸೇರುವ ಬಸ್ಸುಗಳು, ದಿನವಿಡೀ ಓಡುವ ಸರಕು ವಾಹನಗಳು, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳು ಇದರಲ್ಲಿ ಇಲ್ಲವೇ ಇಲ್ಲ, ಮತ್ತು ಅವುಗಳ ಬಿಡುವಿನ ಲೆಕ್ಕವೇ ಬೇರೆ. ವೇಗದ ಚಾರ್ಜರಿಗೆ ಬಂದವರಿಗೆ ಬಿಡುವು ಬಹುತೇಕ ಶೂನ್ಯ; ಬಸ್ಸಿಗೆ ಹೊರಡುವ ಸಮಯ ವೇಳಾಪಟ್ಟಿಯಲ್ಲೇ ನಿಗದಿಯಾಗಿರುತ್ತದೆ. ಎಸಿಎನ್-ಡೇಟಾದಲ್ಲಿ ಸಿಕ್ಕ ಶೇಕಡಾವಾರು ಉಳಿತಾಯವನ್ನು ವಿದ್ಯುತ್ ಸಾರಿಗೆಗೇ ಅನ್ವಯಿಸುವಂತೆ ತೀರ್ಮಾನ ಬರೆದ ಪ್ರಬಂಧವನ್ನು ನಾನಂತೂ ಒಪ್ಪಲಾರೆ.

ಸ್ನಾತಕ ಮಟ್ಟದ ಯೋಜನೆಗೆ, ಸ್ನಾತಕೋತ್ತರ ಪ್ರಬಂಧಕ್ಕೆ ದತ್ತಾಂಶ, ಸಿಮ್ಯುಲೇಟರ್ ಎರಡನ್ನೂ ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಡಾಕ್ಟರೇಟ್ ಹಂತದಲ್ಲಿರುವವರು ಸಿಮ್ಯುಲೇಟರನ್ನು ಉಳಿಸಿಕೊಂಡು ದತ್ತಾಂಶವನ್ನು ವಿಸ್ತರಿಸಿಕೊಳ್ಳುವುದು ಲೇಸು. ನೆದರ್‌ಲ್ಯಾಂಡ್ಸ್‌ನ ಇಲಾಡ್‌ಎನ್‌ಎಲ್ ಸಂಸ್ಥೆ ಸಾರ್ವಜನಿಕ ಚಾರ್ಜರ್‌ಗಳ ದಾಖಲೆಗಳನ್ನು ಪ್ರಕಟಿಸಿದೆ. ತಮ್ಮದೇ ವಿಶ್ವವಿದ್ಯಾಲಯದ ವಾಹನ ನಿಲುಗಡೆಯಲ್ಲಿ ಚಾರ್ಜರ್‌ಗಳಿದ್ದರೆ, ಅದರ ಆಡಳಿತದ ಅನುಮತಿ ಪಡೆದು, ಬಳಕೆದಾರರ ಗುರುತು ಅಳಿಸಿ, ಇದೇ ಕ್ರಮದಲ್ಲಿ ದಾಖಲಿಸಲು ಆರಂಭಿಸಬಹುದು. ಹಾಗೆ ಮಾಡುವಾಗ ಚಾರ್ಜ್ ನಿಂತ ಸಮಯವನ್ನು ಪ್ಲಗ್ ಕಳಚಿದ ಸಮಯದಿಂದ ಬೇರೆಯಾಗಿ ಬರೆದಿಡುವ ವ್ಯವಸ್ಥೆಯನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಬೇಕು. ಆಮೇಲೆ ಅದನ್ನು ಲೆಕ್ಕ ಹಾಕಿ ಪಡೆಯುವುದು ಕರೆಂಟಿನ ನಿಮಿಷವಾರು ದಾಖಲೆ ಕೈಯಲ್ಲಿದ್ದರೆ ಮಾತ್ರ ಸಾಧ್ಯ.