ಬಿಕ್ಯೂ25896 ಚಾರ್ಜರ್ ಚಿಪ್, ದೀರ್ಘ ಬಳಕೆಯ ನಂತರ: ದೀಪ ನಂಬಬೇಡಿ, ರಿಜಿಸ್ಟರ್ ಓದಿ

ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಾಗಲಿ ಪುಣೆಯ ಬುಧವಾರ ಪೇಟೆಯಲ್ಲಾಗಲಿ ಲಿಥಿಯಂ ಚಾರ್ಜರ್ ಕೇಳಿದರೆ ಮೊದಲು ಕೈಗೆ ಬರುವುದು ಟಿಪಿ4056 ಬೋರ್ಡು. 1.2 ಕಿಲೋಓಮ್‌ನ ಒಂದು ರೆಸಿಸ್ಟರ್, 1 ಆಂಪ್, ಎರಡು ದೀಪ, ಕಥೆ ಮುಗಿಯಿತು. ಅದು ಲೀನಿಯರ್ ಚಿಪ್. ಒಳಗೆ 5 ವೋಲ್ಟ್ ಬಂದು ಬ್ಯಾಟರಿ 3.8ರಲ್ಲಿದ್ದರೆ 1.2 ವಾಟ್ ಬರೀ ಬಿಸಿಯಾಗಿ ಹೋಗುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಬಿಕ್ಯೂ25896 ಬೇರೆಯದೇ ವರ್ಗ: 3.9ರಿಂದ 14 ವೋಲ್ಟ್ ಇನ್‌ಪುಟ್, 3 ಆಂಪ್‌ವರೆಗೆ ಸ್ವಿಚಿಂಗ್ ಚಾರ್ಜ್, ಲೋಡಿಗೆ ಪ್ರತ್ಯೇಕ ದಾರಿ, ವೋಲ್ಟೇಜ್, ಕರೆಂಟ್ ಅಳೆಯಲು ಒಳಗೇ ಎಡಿಸಿ, ಎಲ್ಲದಕ್ಕೂ ಐಟುಸಿ, ಅಂದರೆ ಪ್ರೊಸೆಸರ್ ಎರಡು ತಂತಿಯಲ್ಲಿ ಚಿಪ್ಪಿನ ಜೊತೆ ಮಾತಾಡುವ ದಾರಿ. ಹ್ಯಾಕರ್‌ಗಳ ಪುಟ್ಟ ಸಾಧನ ಫ್ಲಿಪ್ಪರ್ ಝೀರೋದೊಳಗೆ ಇರುವುದೂ ಇದೇ ಚಿಪ್ಪು. ಡೇಟಾ ಲಾಗರ್‌ಗಳಲ್ಲಿ ಇದನ್ನು ಮುಂಬೈ ಮಳೆಗಾಲಕ್ಕೂ ಪುಣೆಯ ಮೇ ಬಿಸಿಲಿಗೂ ಒಡ್ಡಿ ಬಳಸಿದ ಮೇಲಿನ ಅಭಿಪ್ರಾಯ ಇದು.

ಡೊಂಬಿವಲಿ, ಪಿಂಪ್ರಿ ಕಡೆಯ ನಮ್ಮ ಕನ್ನಡದ ಹುಡುಗರು ವಾಟ್ಸಾಪ್‌ನಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ: "ದೀಪ ಆರಿತು, ಅಂದ್ರೆ ಫುಲ್ ಆಯ್ತು ಅಲ್ವಾ?" ಅಲ್ಲ. ಸ್ಟಾಟ್ ಪಿನ್ನಿನ ದೀಪ ಚಾರ್ಜ್ ಆಗುವಾಗ ಉರಿಯುತ್ತದೆ, ದೋಷ ಬಂದರೆ ಸೆಕೆಂಡಿಗೊಮ್ಮೆ ಮಿನುಗುತ್ತದೆ. ಆರಿದ್ದರೆ ಮಾತ್ರ ಅರ್ಥ ಹಲವು: ಚಾರ್ಜ್ ಮುಗಿದಿರಬಹುದು, ಚಾರ್ಜಿಂಗ್ ಬಂದ್ ಮಾಡಿರಬಹುದು, ಕೇಬಲ್ಲೇ ಇಲ್ಲದಿರಬಹುದು. ನಿಜ ಗೊತ್ತಾಗುವುದು ರಿಜಿಸ್ಟರ್ 0ಬಿಯಲ್ಲಿ. ರಿಜಿಸ್ಟರ್ ಎಂದರೆ ಚಿಪ್ಪಿನೊಳಗಿನ ಪುಟ್ಟ ನೆನಪಿನ ಖಾನೆ; ಅದರ ಸಂಖ್ಯೆ ಹೆಕ್ಸ್‌ನಲ್ಲಿ, ಅಂದರೆ 16ರ ಎಣಿಕೆಯಲ್ಲಿ ಇರುತ್ತದೆ. ಅದರ 4 ಮತ್ತು 3ನೇ ಬಿಟ್‌ಗಳು 00 ಇದ್ದರೆ ಚಾರ್ಜ್ ಇಲ್ಲ, 01 ಪ್ರೀಚಾರ್ಜ್ (ತೀರಾ ಖಾಲಿ ಸೆಲ್ಲಿಗೆ ಮೆಲ್ಲನೆ ಚಾರ್ಜ್), 10 ಫಾಸ್ಟ್ ಚಾರ್ಜ್, 11 ಮುಗಿದಿದೆ. 2ನೇ ಬಿಟ್ ಇನ್‌ಪುಟ್ ಸರಿಯಿದೆಯೇ ಎಂದು ಹೇಳುತ್ತದೆ. ಎರಡನ್ನೂ ಸೇರಿಸಿ ಓದಿದರೆ ಮಾತ್ರ ಪರದೆಯ ಮೇಲೆ "ಫುಲ್" ಎಂದು ಬರೆಯುವ ಧೈರ್ಯ ಮಾಡಬಹುದು.

ದೋಷದ ರಿಜಿಸ್ಟರ್ 0ಸಿಗೆ ಒಂದು ವಿಶೇಷ ಗುಣವಿದೆ. ಬಂದು ಹೋದ ದೋಷವನ್ನೂ ಅದು ಹಿಡಿದಿಟ್ಟುಕೊಂಡಿರುತ್ತದೆ. ಮೊದಲ ಸಲ ಓದಿದಾಗ ಸಿಗುವುದು ಹಿಂದಿನ ಓದಿನಿಂದ ಈಚೆಗೆ ಆಗಿದ್ದು, ಮತ್ತೊಮ್ಮೆ ಓದಿದಾಗ ಸಿಗುವುದು ಈ ಕ್ಷಣದ ಸ್ಥಿತಿ. ಒಂದೇ ಸಲ ಓದುವ ಕೋಡ್, ಆಗಲೇ ಹೋಗಿಬಿಟ್ಟ ದೋಷಕ್ಕೂ ಅಲಾರಂ ಹೊಡೆಯುತ್ತಿರುತ್ತದೆ. ಹಾಗಾಗಿ ಬೆನ್ನುಬೆನ್ನಿಗೆ ಎರಡು ಸಲ ಓದಿ, ಎರಡನ್ನೂ ಬೇರೆಬೇರೆ ಇಟ್ಟುಕೊಳ್ಳಿ. ಕೊನೆಯ ಮೂರು ಬಿಟ್, ಅಂದರೆ ಬ್ಯಾಟರಿ ತಾಪಮಾನದ ಭಾಗ, ಇದಕ್ಕೆ ಹೊರತು. ಅದು ಯಾವಾಗಲೂ ಸದ್ಯದ್ದನ್ನೇ ಹೇಳುತ್ತದೆ. ಏನಾದರೂ ಬದಲಾದರೆ ಪ್ರೊಸೆಸರಿಗೆ ತಿಳಿಸುವ ಇಂಟ್ ಪಿನ್ನಿನ ಪಲ್ಸ್ ಬರೀ 256 ಮೈಕ್ರೋಸೆಕೆಂಡ್. ಲೂಪಿನಲ್ಲಿ ಆಗಾಗ ಇಣುಕಿ ನೋಡುವ ಕೋಡಿಗೆ ಅದು ಸಿಗುವುದಿಲ್ಲ, ಪಿನ್ ಕೆಳಗಿಳಿದ ಕ್ಷಣವೇ ಪ್ರೊಸೆಸರನ್ನು ಕರೆಯುವ ಫಾಲಿಂಗ್ ಎಡ್ಜ್ ಇಂಟರಪ್ಟನ್ನೇ ಹಾಕಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು, ವಾಚ್‌ಡಾಗ್, ಅಂದರೆ ಪ್ರೊಸೆಸರ್ ಸುಮ್ಮನಾಯಿತೇ ಎಂದು ಕಾಯುವ ಗಡಿಯಾರ. ಚಿಪ್ಪಿಗೆ ಐಟುಸಿಯಲ್ಲಿ ಏನಾದರೂ ಬರೆದ ಕೂಡಲೇ ಅದು ಹೋಸ್ಟ್ ಮೋಡಿಗೆ (ಪ್ರೊಸೆಸರ್ ಹೇಳಿದಂತೆ ನಡೆಯುವ ಸ್ಥಿತಿಗೆ) ಹೋಗುತ್ತದೆ, 40 ಸೆಕೆಂಡಿನ ಗಡಿಯಾರ ಓಡತೊಡಗುತ್ತದೆ. ಅಷ್ಟರೊಳಗೆ ಆ ಗಡಿಯಾರವನ್ನು ಮತ್ತೆ ಸೊನ್ನೆಗೆ ತರದಿದ್ದರೆ ಇನ್‌ಪುಟ್ ಮಿತಿಯಂಥ ಕೆಲವನ್ನು ಬಿಟ್ಟು ಮಿಕ್ಕ ಸೆಟ್ಟಿಂಗುಗಳು ಡೀಫಾಲ್ಟಿಗೆ ಮರಳುತ್ತವೆ. ಡೀಫಾಲ್ಟ್ ಎಂದರೆ 2048 ಮಿಲಿಆಂಪ್, 4.208 ವೋಲ್ಟ್. 1000 ಎಂಎಎಚ್‌ನ ಸಣ್ಣ ಪೌಚ್ ಸೆಲ್ಲಿಗೆ ನೀವು 512 ಮಿಲಿಆಂಪ್ ಬರೆದು, ಇಎಸ್‌ಪಿ32 ಪ್ರೊಸೆಸರನ್ನು ಐದು ನಿಮಿಷ ಡೀಪ್ ಸ್ಲೀಪಿಗೆ, ಅಂದರೆ ವಿದ್ಯುತ್ ಉಳಿಸುವ ಗಾಢ ನಿದ್ದೆಗೆ ಕಳಿಸಿದಿರಿ ಎಂದಿಟ್ಟುಕೊಳ್ಳಿ. 40 ಸೆಕೆಂಡ್ ಕಳೆದ ಮೇಲೆ ಆ ಸೆಲ್ಲಿಗೆ ತಾಳಲಾರದಷ್ಟು, ಸಾಮರ್ಥ್ಯದ ಎರಡು ಪಟ್ಟು ಕರೆಂಟಿಗೆ ದಾರಿ ತೆರೆದಿರುತ್ತದೆ. ಎಚ್ಚರವಾದ ಕೋಡ್ ಮತ್ತೆ 512 ಬರೆಯುವುದರಿಂದ ಲಾಗ್‌ನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಸೆಲ್ ಊದಿಕೊಂಡಾಗ ಬಯ್ಗುಳ ಬೀಳುವುದು ಬ್ಯಾಟರಿ ಮಾರಿದವನಿಗೆ. 0ಸಿಯ 7ನೇ ಬಿಟ್ ನೋಡಿದ್ದರೆ ಕಾರಣ ಅಲ್ಲೇ ಇತ್ತು.

ಪರಿಹಾರ ಎರಡು. ಪ್ರೊಸೆಸರ್ ಸದಾ ಎಚ್ಚರವಿದ್ದರೆ ರಿಜಿಸ್ಟರ್ 03ರ 6ನೇ ಬಿಟ್ಟಿಗೆ 20 ಸೆಕೆಂಡಿಗೊಮ್ಮೆ 1 ಬರೆಯಿರಿ, ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಮಲಗುವ ಸಾಧನವಾದರೆ ರಿಜಿಸ್ಟರ್ 07ರ ಹೆಕ್ಸ್ 9ಡಿಯನ್ನು 8ಡಿ ಮಾಡಿ ವಾಚ್‌ಡಾಗ್ ನಿಲ್ಲಿಸಿ. 12 ಗಂಟೆಯ ಸೇಫ್ಟಿ ಟೈಮರ್ ಹಾಗೇ ಉಳಿಯುತ್ತದೆ. 1000 ಎಂಎಎಚ್‌ಗೆ ನಾವು ಹಾಕುವ ಉಳಿದ ಮೌಲ್ಯಗಳು, ಹೆಕ್ಸ್‌ನಲ್ಲಿ: ರಿಜಿಸ್ಟರ್ 04ಕ್ಕೆ 08 (512 ಮಿಲಿಆಂಪ್), 05ಕ್ಕೆ 10 (ಮುಕ್ತಾಯ, ಅಂದರೆ ಕರೆಂಟ್ ಇಷ್ಟಕ್ಕಿಳಿದರೆ ಚಾರ್ಜ್ ನಿಲ್ಲುವ ಮಟ್ಟ, 64 ಮಿಲಿಆಂಪ್), 06ಕ್ಕೆ 42 (4.096 ವೋಲ್ಟ್). ಮುಕ್ತಾಯದ ಡೀಫಾಲ್ಟ್ 256 ಮಿಲಿಆಂಪ್ ಸಣ್ಣ ಸೆಲ್ಲಿಗೆ ತೀರಾ ಜಾಸ್ತಿ, ತುಂಬುವ ಮೊದಲೇ ನಿಲ್ಲಿಸಿಬಿಡುತ್ತದೆ. ಇದೂ ಸಾಲದು. ಕೆಳಗಿದ್ದರೆ ಮಾತ್ರ ಚಾರ್ಜಿಂಗ್ ಬಿಡುವ ಸಿಇ ಪಿನ್ನನ್ನು ಪುಲ್‌ಅಪ್ ರೆಸಿಸ್ಟರಿನಿಂದ ಮೇಲಕ್ಕೆ ಕಟ್ಟಿ, ರಿಜಿಸ್ಟರ್ ಬರೆದು, ತಿರುಗಿ ಓದಿ ಖಚಿತಪಡಿಸಿಕೊಂಡ ಮೇಲೆ ಪ್ರೊಸೆಸರ್ ಅದನ್ನು ಕೆಳಗೆಳೆಯಲಿ. ಬ್ಯಾಟರಿ ಸತ್ತಿದ್ದರೂ ಲೋಡಿಗೆ ಇನ್‌ಪುಟ್‌ನಿಂದಲೇ ಪವರ್ ಸಿಗುವುದರಿಂದ ಪ್ರೊಸೆಸರ್ ಏಳುತ್ತದೆ, ಏನೂ ಸಿಕ್ಕಿಬೀಳುವುದಿಲ್ಲ.

"3 ಆಂಪ್ ಬರೆದೆ, 1.3 ದಾಟುತ್ತಿಲ್ಲ" ಎಂಬುದು ಇನ್ನೊಂದು ದೂರು. ಐಲಿಮ್ ಪಿನ್ನಿನ ರೆಸಿಸ್ಟರ್ ನೋಡಿ. 355 ಅನ್ನು ಅದರ ಓಮ್‌ನಿಂದ ಭಾಗಿಸಿದರೆ ಬರುವುದೇ ಇನ್‌ಪುಟ್ ಮಿತಿ. 260 ಓಮ್ ಇದ್ದರೆ ಸುಮಾರು 1.36 ಆಂಪ್. ಪಿನ್ನು, ರಿಜಿಸ್ಟರ್ ಎರಡರಲ್ಲಿ ಯಾವುದು ಕಡಿಮೆಯೋ ಅದರ ಮಾತೇ ನಡೆಯುತ್ತದೆ.

ರಾತ್ರಿಯಿಡೀ "ಫಾಸ್ಟ್ ಚಾರ್ಜ್" ಎಂದೇ ತೋರಿಸಿ ಮುಗಿಯದಿದ್ದರೆ ರಿಜಿಸ್ಟರ್ 13ರ 7 ಮತ್ತು 6ನೇ ಬಿಟ್ ನೋಡಿ. ತೆಳು ಕೇಬಲ್ಲಿನಲ್ಲಿ ವೋಲ್ಟೇಜ್ ಕುಸಿದರೆ ಚಿಪ್ ಕರೆಂಟ್ ಇಳಿಸಿ ಅಡಾಪ್ಟರನ್ನು ಉಳಿಸುತ್ತದೆ, ಮತ್ತು ಆ ಮಿತಿಯಲ್ಲಿರುವಷ್ಟು ಹೊತ್ತು ಮುಕ್ತಾಯವನ್ನು ಘೋಷಿಸುವುದಿಲ್ಲ. ಕರೆಂಟ್ ಕಡಿಮೆಯಾದದ್ದು ಬ್ಯಾಟರಿ ತುಂಬಿದ್ದಕ್ಕಲ್ಲ ಎಂದು ಅದಕ್ಕೆ ಗೊತ್ತು. ಈ ಎಚ್ಚರ ನಮಗೆ ಬಹಳ ಹಿಡಿಸಿದ ಗುಣ. ಇದಕ್ಕೆ ತದ್ವಿರುದ್ಧ, ಬ್ಯಾಟರಿ ಕಳಚಿದ್ದರೆ ಅದು ಚಾರ್ಜ್, ಮುಗಿಯಿತು, ಮತ್ತೆ ಚಾರ್ಜ್ ಎಂದು ಸುತ್ತುತ್ತಿರುತ್ತದೆ; ಕೆಪಾಸಿಟರ್ ತುಂಬಿ ಇಳಿಯುವುದನ್ನೇ ಬ್ಯಾಟರಿ ಎಂದುಕೊಂಡಿರುತ್ತದೆ.

ಪುಣೆಯ ಬೇಸಿಗೆಯಲ್ಲಿ ಮುಚ್ಚಿದ ಡಬ್ಬಿಯೊಳಗೆ ಸೆಲ್ 45 ಡಿಗ್ರಿ ದಾಟಿದರೆ ಜೈಟಾ ನಿಯಮದಂತೆ (ಬ್ಯಾಟರಿಯ ತಾಪಮಾನಕ್ಕೆ ತಕ್ಕಂತೆ ಚಾರ್ಜ್ ಮಾಡುವ ನಿಯಮ) ಗುರಿ ವೋಲ್ಟೇಜು 200 ಮಿಲಿವೋಲ್ಟ್ ಇಳಿಯುತ್ತದೆ, 4.2ರ ಬದಲು 4.0. ಕೆಟ್ಟಿದೆ ಎಂದುಕೊಳ್ಳಬೇಡಿ, 0ಸಿಯ ಕೊನೆಯ ಬಿಟ್‌ಗಳು 010 ಎನ್ನುತ್ತಿರುತ್ತವೆ. 60 ದಾಟಿದರೆ ಚಾರ್ಜ್ ಪೂರ್ತಿ ನಿಲ್ಲುತ್ತದೆ. ಆದರೆ ಅಗ್ಗದ ಮಾಡ್ಯೂಲುಗಳಲ್ಲಿ ತಾಪಮಾನ ಅಳೆಯುವ ಥರ್ಮಿಸ್ಟರ್ ಜಾಗದಲ್ಲಿ 10 ಕಿಲೋಓಮ್‌ನ ರೆಸಿಸ್ಟರ್ ಕೂರಿಸಿರುವುದುಂಟು. ಆಗ ಎಷ್ಟೇ ಬಿಸಿಯಾದರೂ ಚಿಪ್ಪಿಗೆ ಅದು ಸದಾ 25 ಡಿಗ್ರಿ. ಅದನ್ನು ಕಿತ್ತು 103ಎಟಿ ಥರ್ಮಿಸ್ಟರನ್ನು ಸೆಲ್ಲಿಗೆ ಅಂಟಿಸಿ. ಮುಂಬೈ, ಗೋವಾದ ಉಪ್ಪುಗಾಳಿಯಲ್ಲಿ ಬೋರ್ಡಿನ ಫ್ಲಕ್ಸನ್ನು ಐಸೋಪ್ರೊಪೈಲ್‌ನಿಂದ ತೊಳೆದು ಕೋಟಿಂಗ್ ಬಳಿಯದೆ ಬಿಡಬೇಡಿ. 24 ಪಿನ್ 4 ಮಿಲಿಮೀಟರ್ ಚೌಕದಲ್ಲಿವೆ, ಸೋರಿಕೆಗೆ ಜಾಗ ಹುಡುಕಬೇಕಾಗಿಲ್ಲ.

ಎಡಿಸಿ ಒಳ್ಳೆಯದೇ, ಆದರೆ ಬ್ಯಾಟರಿ ವೋಲ್ಟೇಜಿನ ಹೆಜ್ಜೆ 20 ಮಿಲಿವೋಲ್ಟ್, ಚಾರ್ಜ್ ಕರೆಂಟಿನದು 50 ಮಿಲಿಆಂಪ್. ಇದರಿಂದ ಶೇಕಡಾವಾರು ಲೆಕ್ಕ ಹಾಕಲು ಹೋಗಬೇಡಿ. ಚಾರ್ಜ್ ಆಗುವಾಗ ವೋಲ್ಟೇಜ್ ಏರಿಯೇ ಕಾಣುತ್ತದೆ. ಶೇಕಡಾ ಬೇಕಿದ್ದರೆ ಪಕ್ಕದಲ್ಲಿ ಬ್ಯಾಟರಿ ಮಟ್ಟ ಅಳೆಯುವ ಚಿಪ್ಪು, ಮ್ಯಾಕ್ಸ್17048 ಅಥವಾ ಬಿಕ್ಯೂ27220 ಇರಲಿ.

ಕೊಳ್ಳುವಾಗ ಚಿಪ್ಪಿನ ಮೇಲಿನ ಅಕ್ಷರ ನೋಡಿ ಸುಮ್ಮನಾಗಬೇಡಿ. ಬಿಕ್ಯೂ25896 ಐಟುಸಿಯಲ್ಲಿ ಹೆಕ್ಸ್ 6ಬಿ ವಿಳಾಸಕ್ಕೆ ಓಗೊಡುತ್ತದೆ. 6ಎಗೆ ಓಗೊಟ್ಟರೆ ನಿಮ್ಮ ಕೈಲಿರುವುದು ಅದರ ಅಣ್ಣ 25895 ಇರಬಹುದು. ರಿಜಿಸ್ಟರ್ 14ರ 5ರಿಂದ 3ನೇ ಬಿಟ್ 000, ಕೊನೆಯ ಎರಡು 10 ಇದ್ದರೆ ಕೇಳಿದ್ದೇ ಸಿಕ್ಕಿದೆ.