ಬಟನ್ ಒತ್ತಿದರೆ ಕೂಗುತ್ತದೆ ಅಂತ ಸ್ಮೋಕ್ ಡಿಟೆಕ್ಟರನ್ನು ನಂಬಬೇಡಿ, ನಾನು ನಂಬಿ ಮೋಸ ಹೋದೆ

ಮನೆಗೆ ಸ್ಮೋಕ್ ಡಿಟೆಕ್ಟರ್ (ಹೊಗೆ ಬಂದರೆ ಕೂಗಿ ಎಚ್ಚರಿಸುವ ಸಾಧನ) ಹಾಕಿಸಿದವರು, ಹಾಕಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಉದ್ದ ಆಯಿತು ಅನ್ನಿಸಿದರೂ ಓದಿ. ಆರು ದಿನ ಆಯಿತು, ನನಗಿನ್ನೂ ಸರಿಯಾಗಿ ನಿದ್ದೆ ಹತ್ತುತ್ತಿಲ್ಲ. ಕೋಪ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ.

ಅವತ್ತು ರಾತ್ರಿ ಎರಡೂವರೆ ಹೊತ್ತಿಗೆ ಅಮ್ಮ ಕೆಮ್ಮುವ ಸದ್ದಿಗೆ ಎಚ್ಚರವಾಯಿತು. ಅವರ ಕೋಣೆ ಬಾಗಿಲು ತೆಗೆದರೆ ಒಳಗೆಲ್ಲ ಹೊಗೆ. ಎದುರಿನ ಗೋಡೆಯೇ ಮಸುಕಾಗಿತ್ತು. ಮಂಚದ ಹಿಂದಿದ್ದ ಎಕ್ಸ್‌ಟೆನ್ಷನ್ ಬೋರ್ಡ್ ಕಾದು, ಅದಕ್ಕೆ ತಾಗಿಕೊಂಡಿದ್ದ ಹತ್ತಿ ಹಾಸಿಗೆಯ ಅಂಚು ಒಳಗೊಳಗೇ ಸುಡುತ್ತಿತ್ತು. ಉರಿ ಇಲ್ಲ, ಬರೀ ಹೊಗೆ. ಅಮ್ಮನನ್ನು ಹೊರಗೆ ಕರೆತಂದು, ಮೈನ್ ಸ್ವಿಚ್ ಆರಿಸಿ, ಅಗ್ನಿಶಾಮಕದವರಿಗೆ ಫೋನ್ ಮಾಡಿದೆವು. ಅವರು ಬಂದು ಹಾಸಿಗೆ ಸೀಳಿ ಒಳಗಿನ ಕಿಡಿ ಆರಿಸಿದರು. ಅಮ್ಮ ಹುಷಾರಾಗಿದ್ದಾರೆ.

ಹೊರಡುವಾಗ ಅವರಲ್ಲಿ ಒಬ್ಬರು ಟಾರ್ಚ್ ಮೇಲೆತ್ತಿ ಕೇಳಿದರು, "ಇಲ್ಲೊಂದು ಡಿಟೆಕ್ಟರ್ ಇದೆಯಲ್ಲ, ಇದು ಕೂಗಲಿಲ್ವಾ?"

ಕೂಗಿರಲಿಲ್ಲ. ಮಂಚದ ಮೇಲೇ, ಸೀಲಿಂಗಿನಲ್ಲಿ ಇತ್ತು. ಒಂದು ಸಲವೂ ಕೂಗಿರಲಿಲ್ಲ.

ಅವರು ಕುರ್ಚಿ ಹತ್ತಿ, ಡಿಟೆಕ್ಟರಿನ ಸುತ್ತ ಬೆರಳಾಡಿಸಿ, ಅದರ ಮೇಲಿಂದ ತೆಳುವಾದ ಒಂದು ಪ್ಲಾಸ್ಟಿಕ್ ಮುಚ್ಚಳ ಕಿತ್ತು ನನ್ನ ಕೈಗೆ ಕೊಟ್ಟರು. "ಧೂಳು ಕೂರದಿರಲಿ ಅಂತ ಫ್ಯಾಕ್ಟರಿಯಿಂದ ಬರೋ ಮುಚ್ಚಳ ಇದು. ತೆಗೆದೇ ಇಲ್ಲ ನೀವು." ಬಿಳಿ ಪ್ಲಾಸ್ಟಿಕ್. ಅಂಚಿಗೆ ಎರಡು ವರ್ಷದ ಧೂಳು ಗೆರೆ ಕಟ್ಟಿತ್ತು. ಕೆಳಗಿನಿಂದ ನೋಡಿದರೆ ಅದು ಡಿಟೆಕ್ಟರಿನದೇ ಭಾಗ ಅನ್ನಿಸುತ್ತಿತ್ತು. ಹೊಗೆ ಒಳಗೆ ಹೋಗುವ ಕಿಂಡಿಗಳೆಲ್ಲ ಅದರಡಿ ಮುಚ್ಚಿಹೋಗಿದ್ದವು. ಎರಡು ವರ್ಷ ಅಮ್ಮ ಅದರ ಕೆಳಗೇ ಮಲಗಿದ್ದರು.

ತೆಗೆದೇ ಇಲ್ಲ ನೀವು ಅಂದರು. ನಾನು ಹಾಕಿದ್ದಲ್ಲ ಅಂತ ಹೇಳಲೂ ಬಾಯಿ ಬರಲಿಲ್ಲ.

ಈಗ ಹಿಂದಿನದು ಹೇಳುತ್ತೇನೆ. 2023ರಲ್ಲಿ ಇವನ್ನು ಅಳವಡಿಸುವ ಒಂದು ಸಂಸ್ಥೆಯವರಿಂದ ನಾಲ್ಕು ಡಿಟೆಕ್ಟರ್ ಹಾಕಿಸಿದ್ದೆ, ಜೊತೆಗೆ ಆರು ತಿಂಗಳಿಗೊಮ್ಮೆ ಸರ್ವಿಸ್ ಅಂತ ಒಪ್ಪಂದ. ಅವರ ಮಾತು ಎಷ್ಟು ಚೆನ್ನಾಗಿತ್ತು ಅಂದರೆ ನಾನೇ ಇನ್ನೆರಡು ಮನೆಯವರಿಗೆ ಇವರ ನಂಬರ್ ಕೊಟ್ಟಿದ್ದೆ. ಈಗ ಆ ಮನೆಯವರ ಮುಖ ನೋಡಲು ಆಗುತ್ತಿಲ್ಲ.

ಸರ್ವಿಸಿಗೆ ನಾಲ್ಕು ಸಲ ಬಂದರು. ಏಣಿ ತರುತ್ತಿರಲಿಲ್ಲ. ನಮ್ಮ ಮನೆಯ ಪೊರಕೆ ಕೋಲು ಕೇಳಿ ತೆಗೆದುಕೊಂಡು, ಕೆಳಗೆ ನಿಂತೇ ಟೆಸ್ಟ್ ಬಟನ್ ಒತ್ತುತ್ತಿದ್ದರು. ಒತ್ತಿದಾಗಲೆಲ್ಲ ಮೂರು ಸಲ ಜೋರಾಗಿ ಕೂಗುತ್ತಿತ್ತು. "ಪರ್ಫೆಕ್ಟ್ ಇದೆ ಮೇಡಂ, ಇಲ್ಲಿ ಸೈನ್ ಮಾಡಿ." ನಾಲ್ಕು ಸಲವೂ ಸೈನ್ ಮಾಡಿದೆ. ದುಡ್ಡು ಕೊಟ್ಟೆ. ಆ ತೆಳು ಪ್ಲಾಸ್ಟಿಕ್ ಮೇಲಿಂದಲೇ ಬಟನ್ ಒತ್ತಬಹುದು, ಆಗಲೂ ಕೂಗುತ್ತದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಬಟನ್ ಒತ್ತಿದಾಗ ಬರುವ ಸದ್ದು ಬ್ಯಾಟರಿ, ಸರ್ಕ್ಯೂಟ್, ಹಾರ್ನ್ ಸರಿ ಇದೆ ಅಂತ ಹೇಳುತ್ತದೆ. ಹೊಗೆ ಒಳಗೆ ಹೋಗುತ್ತದಾ ಇಲ್ಲವಾ ಅಂತ ಹೇಳುವುದಿಲ್ಲ. ನಮ್ಮದು ಬೆಳಕಿನಿಂದ ಕೆಲಸ ಮಾಡುವ ಫೋಟೋಎಲೆಕ್ಟ್ರಿಕ್ ಜಾತಿಯದು. ಒಳಗೆ ಕತ್ತಲೆಯ ಪುಟ್ಟ ಗೂಡು, ಅದರಲ್ಲೊಂದು ಬೆಳಕು. ಹೊಗೆ ಹೊಕ್ಕರೆ ಬೆಳಕು ಚದುರಿ ಸೆನ್ಸರಿಗೆ ಬೀಳುತ್ತದೆ, ಕೂಗುತ್ತದೆ. ಹಾಸಿಗೆ ಸುಡುವಂಥ ನಿಧಾನದ ಹೊಗೆಗೆ ಇದೇ ಒಳ್ಳೆಯದು. ಸರಿಯಾದ ವಸ್ತುವೇ ಇತ್ತು, ಬಾಯಿ ಕಟ್ಟಿ ಮೇಲೆ ಕೂರಿಸಿದ್ದರು ಅಷ್ಟೇ.

ಬೆಳಗ್ಗೆ ಉಳಿದ ಮೂರನ್ನೂ ಇಳಿಸಿದೆವು. ಎರಡರಲ್ಲಿ ಅದೇ ಮುಚ್ಚಳ. ಒಂದಕ್ಕೆ ಮಾತ್ರ ಇರಲಿಲ್ಲ, ಅದನ್ನು ಅಡುಗೆಮನೆ ಬಾಗಿಲ ಪಕ್ಕದಲ್ಲೇ ಹಾಕಿದ್ದರು. ಒಲೆಯಿಂದ ಕಡಿಮೆ ಅಂದರೂ 3 ಮೀಟರ್ ದೂರ ಇರಬೇಕಿತ್ತು. ಅಡುಗೆಮನೆ ಒಳಗೇ ಬೇಕು ಅಂದರೆ ಹೊಗೆಯದ್ದಲ್ಲ, ಶಾಖಕ್ಕೆ ಕೂಗುವ ಹೀಟ್ ಡಿಟೆಕ್ಟರ್ ಹಾಕಬೇಕು. ಬಾಗಿಲ ಪಕ್ಕದ್ದು ದಿನಾ ಸುಮ್ಸುಮ್ನೆ ಕೂಗುತ್ತಿತ್ತು. ಅದು ಕೂಗುವುದನ್ನು ನೋಡಿಯೇ, ಉಳಿದವೂ ಚುರುಕಾಗಿವೆ ಅಂತ ನಾನು ನೆಮ್ಮದಿಯಾಗಿದ್ದೆ! ದೂರು ಕೊಟ್ಟಾಗ ಸಿಕ್ಕ ಉತ್ತರ: "ಅಡುಗೆ ಮಾಡುವಾಗ ಬ್ಯಾಟರಿ ತೆಗೆದಿಡಿ ಮೇಡಂ, ಎಲ್ಲರೂ ಹಾಗೇ ಮಾಡ್ತಾರೆ." ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಇದಕ್ಕಿಂತ ಮೈ ಉರಿದದ್ದು ಇನ್ನೊಂದಕ್ಕೆ. ಡಿಟೆಕ್ಟರಿನ ಹಿಂಭಾಗದಲ್ಲಿ ಇವರ ಸ್ಟಿಕ್ಕರ್ ಇತ್ತು, ಅಳವಡಿಸಿದ ದಿನಾಂಕ 2023 ಅಂತ. ಅದರ ಒಂದು ಮೂಲೆ ಎದ್ದಿತ್ತು. ಉಗುರಿನಿಂದ ಕೆರೆದೆ. ಅಡಿಯಲ್ಲಿ ಕಂಪನಿ ಅಚ್ಚು ಹಾಕಿದ ತಯಾರಿಕೆ ದಿನಾಂಕ ಕಂಡಿತು. 2015. ಎರಡನೆಯದು ಕೆರೆದೆ, 2015. ನಾಲ್ಕೂ ಅದೇ. ಸ್ಮೋಕ್ ಡಿಟೆಕ್ಟರ್ ತಯಾರಾದ ದಿನದಿಂದ 10 ವರ್ಷಕ್ಕೆ ಬದಲಾಯಿಸಬೇಕು. ಅಂದರೆ ಎಂಟು ವರ್ಷ ಎಲ್ಲೋ ಬಿದ್ದಿದ್ದ ಮಾಲನ್ನು ಹೊಸದು ಅಂತ ನಮಗೆ ಕಟ್ಟಿದ್ದಾರೆ. ಕಟ್ಟಿದ್ದು ಮಾತ್ರವಲ್ಲ, ದಿನಾಂಕದ ಮೇಲೇ ಸರಿಯಾಗಿ ಸ್ಟಿಕ್ಕರ್ ಅಂಟಿಸಿದ್ದಾರೆ. ಹಿಂದೆ ಅಷ್ಟೊಂದು ಖಾಲಿ ಜಾಗ ಇತ್ತು, ನಾಲ್ಕರಲ್ಲೂ ಅದೇ ಜಾಗವೇ ಬೇಕಿತ್ತಾ?

ಫೋನ್ ಮಾಡಿದೆ. ಅವರ ಉತ್ತರಗಳನ್ನು ಹಾಗೇ ಬರೆಯುತ್ತಿದ್ದೇನೆ, ನಿಮಗೂ ಯಾರಾದರೂ ಹೀಗೇ ಹೇಳಬಹುದು.

ಮುಚ್ಚಳದ ಬಗ್ಗೆ: "ಧೂಳು ಹೋಗಬಾರದು ಅಂತ ನಾವೇ ಬಿಟ್ಟಿರ್ತೀವಿ ಮೇಡಂ. ಬಟನ್ ಒತ್ತಿದ್ರೆ ಸೌಂಡ್ ಬರ್ತಿತ್ತು ಅಲ್ವಾ?"

ಹೊಗೆ ಹೋಗುವುದು ಹೇಗೆ ಅಂತ ಕೇಳಿದೆ. "ಜಾಸ್ತಿ ಹೊಗೆ ಆದ್ರೆ ಹೋಗುತ್ತೆ."

ಅಮ್ಮನ ಕೋಣೆಯಲ್ಲಿ ಗೋಡೆ ಕಾಣದಷ್ಟು ಹೊಗೆ ಇತ್ತು, ಇನ್ನೆಷ್ಟು ಬೇಕಿತ್ತು ನಿಮಗೆ ಅಂದೆ. ಉತ್ತರ ಇಲ್ಲ.

2015ರ ಬಗ್ಗೆ: "ತಯಾರಿಕೆ ಡೇಟ್ ಲೆಕ್ಕ ಇಲ್ಲ ಮೇಡಂ, ಹಾಕಿದ ಡೇಟಿಂದ ಹತ್ತು ವರ್ಷ." ಇದು ಶುದ್ಧ ಸುಳ್ಳು. ಡಬ್ಬಿಯಲ್ಲಿದ್ದ ಕೈಪಿಡಿಯಲ್ಲೇ ತಯಾರಿಕೆ ದಿನಾಂಕದಿಂದ ಅಂತ ಇದೆ. ಅದನ್ನು ಓದಿ ಹೇಳಿದ ಮೇಲೆ ಅವರ ಮೇಲಿನವರು ಫೋನ್ ತೆಗೆದುಕೊಂಡರು. "ನಾಲ್ಕು ರಿಪೋರ್ಟಿಗೂ ನೀವೇ ಸೈನ್ ಮಾಡಿದ್ದೀರಿ ಮೇಡಂ. ಸರಿ ಇಲ್ಲದಿದ್ರೆ ಆಗಲೇ ಹೇಳಬೇಕಿತ್ತು."

ಈ ಮಾತು ಕೇಳಿ ನಿಂತಲ್ಲೇ ಕೈ ನಡುಗಿತು. ನನ್ನ ಸೈನ್ ಹಿಡಿದು ನನ್ನ ಬಾಯಿಯನ್ನೇ ಮುಚ್ಚಿಸಿದರು. ಪರೀಕ್ಷೆ ಮಾಡುವುದು ಅವರ ಕೆಲಸ, ಅದಕ್ಕೇ ದುಡ್ಡು ತೆಗೆದುಕೊಂಡದ್ದು. ಕೊನೆಗೆ "ಹೇಗೂ ಯಾರಿಗೂ ಏನೂ ಆಗಲಿಲ್ಲ ಅಲ್ವಾ" ಅಂದರು. ಅಲ್ಲಿಗೆ ನಾನೇ ಫೋನ್ ಇಟ್ಟೆ.

ನೀವು ಇವತ್ತೇ, ಈಗಲೇ ಕುರ್ಚಿ ಹಾಕಿಕೊಂಡು ಹತ್ತಿ ನೋಡಿ. ಮುಚ್ಚಳ, ಟೇಪು, ಪೇಂಟ್ ಏನಾದರೂ ಕಿಂಡಿಗಳನ್ನು ಮುಚ್ಚಿದೆಯಾ ನೋಡಿ. ಇಳಿಸಿ ಹಿಂದಿನ ತಯಾರಿಕೆ ದಿನಾಂಕ ಓದಿ, ಮೇಲೆ ಸ್ಟಿಕ್ಕರ್ ಇದ್ದರೆ ಕೆರೆದು ಓದಿ. ತಿಂಗಳಿಗೊಮ್ಮೆ ಬಟನ್ ಒತ್ತುವುದನ್ನು ಬಿಡಬೇಡಿ, ಆದರೆ ಅದೊಂದನ್ನೇ ನಂಬಬೇಡಿ. ಸರ್ವಿಸಿನವರು ಬಂದರೆ ಟೆಸ್ಟ್ ಸ್ಪ್ರೇ ಹೊಡೆದು ತೋರಿಸಲಿ. ಅದು ಡಿಟೆಕ್ಟರಿಗೆಂದೇ ಬರುವ ಹೊಗೆಯಂಥ ಸ್ಪ್ರೇ, ಅದಕ್ಕೆ ಕೂಗಿದರೆ ಮಾತ್ರ ಸೈನ್. ಪೊರಕೆ ಕೋಲು ಕೇಳಿದರೆ ಬಾಗಿಲಿನಿಂದಲೇ ವಾಪಸ್ ಕಳಿಸಿ. ನಿಮಿಷಕ್ಕೊಮ್ಮೆ ಚಿಕ್ಕದಾಗಿ ಬೀಪ್ ಅಂತ ಸದ್ದು ಬಂದರೆ ಬ್ಯಾಟರಿ ಮುಗಿಯುತ್ತಾ ಬಂದಿದೆ ಅಂತ ಅರ್ಥ. ಅದಕ್ಕೆ ಸರ್ವಿಸಿನವರನ್ನು ಕಾಯಬೇಡಿ, ನೀವೇ ಬದಲಾಯಿಸಿ. ಮಲಗುವ ಕೋಣೆಗಳಲ್ಲಿ, ಅವುಗಳ ಹೊರಗೆ, ಪ್ರತಿ ಮಹಡಿಯಲ್ಲಿ ಇರಬೇಕು. ಒಂದು ಕೂಗಿದರೆ ಎಲ್ಲವೂ ಕೂಗುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ನಾವು ಹೊಸದು ತಂದು ನಾವೇ ಹಾಕಿದೆವು. ಡಬ್ಬಿ ತೆರೆದಾಗ ಅದೇ ಥರದ ಮುಚ್ಚಳ ಇತ್ತು, ಈ ಸಲ ಕಿತ್ತಳೆ ಬಣ್ಣದ್ದು, ಮೇಲೆ ದೊಡ್ಡದಾಗಿ ತೆಗೆಯಿರಿ ಅಂತ ಬರೆದಿತ್ತು. ಅಮ್ಮನ ಕೋಣೆಯದನ್ನು ನಾನೇ ತೆಗೆದೆ. ಹಳೆಯ ನಾಲ್ಕನ್ನೂ ಎಸೆದಿಲ್ಲ, ಮುಚ್ಚಳ, ಸ್ಟಿಕ್ಕರ್ ಸಮೇತ ಒಂದು ಚೀಲದಲ್ಲಿಟ್ಟಿದ್ದೇನೆ. ಲಿಖಿತವಾಗಿ ದೂರು ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ನಾನು ನಂಬರ್ ಕೊಟ್ಟಿದ್ದ ಎರಡೂ ಮನೆಗೆ ನಾಳೆ ಕುರ್ಚಿ ಹತ್ತಲು ನಾನೇ ಹೋಗುತ್ತಿದ್ದೇನೆ.