ಟೆರಾಫಾರ್ಮ್‌ನಲ್ಲಿ ಎಸಿಎಂ ಸರ್ಟಿಫಿಕೇಟ್: ಶಿರಸಿಯಲ್ಲಿ ಕೂತು ಬಳಸಿದ ಮೇಲೆ

ಸೈಟ್ ಅಸಲಿ, ಸಂಪರ್ಕ ಸುರಕ್ಷಿತ ಅಂತ ಬ್ರೌಸರ್‌ಗೆ ತೋರಿಸುವ ಸರ್ಟಿಫಿಕೇಟನ್ನು ಅಮೆಜಾನ್‌ನ ಎಸಿಎಂ ಸೇವೆಯಿಂದ, ಟೆರಾಫಾರ್ಮ್ (ಕ್ಲೌಡ್‌ನಲ್ಲಿ ಬೇಕಾದ್ದನ್ನು ಕೋಡ್ ಬರೆದು ಮಾಡಿಸುವ ಸಾಧನ) ಬಳಸಿ ಪಡೆಯುವ ಬಗ್ಗೆ ಈ ಬರಹ. ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಸೈಟ್‌ಗಳು ಅಮೆಜಾನ್ ಕ್ಲೌಡ್‌ನಲ್ಲಿದ್ದು, ಡೊಮೇನ್‌ನ ಡಿಎನ್‌ಎಸ್ (ಸೈಟ್‌ನ ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಪಟ್ಟಿ) ಕೂಡ ನಿಮ್ಮ ಕೈಯಲ್ಲೇ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಡಿಎನ್‌ಎಸ್ ಬೇರೆಯವರ ಕೈಯಲ್ಲಿದ್ದರೆ ಅರ್ಧ ನೆಮ್ಮದಿ ಮಾತ್ರ. ಇರುವುದು ಒಂದೇ ಸಣ್ಣ ಸರ್ವರ್ ಅಂದರೆ ಇದರ ತಂಟೆಗೇ ಹೋಗಬೇಡಿ.

ನಾನು ಶಿರಸಿಯ ಮನೆಯಲ್ಲೇ ಕೂತು ಸೈಟ್‌ಗಳನ್ನು ನೋಡಿಕೊಳ್ಳುವವಳು. ಗಿರಾಕಿಗಳೆಲ್ಲ ಸುತ್ತಮುತ್ತಲಿನವರೇ. ಅಡಿಕೆ ವ್ಯವಹಾರದ ಒಂದು ಸಂಘ, ಯಾಣದ ಕಡೆ ಒಂದು ಹೋಂಸ್ಟೇ, ಗೋಕರ್ಣದಲ್ಲಿ ರೂಮು ಬಾಡಿಗೆಗೆ ಕೊಡುವವರು, ಕಾರವಾರದ ಒಂದು ಕೋಚಿಂಗ್ ಸೆಂಟರ್. ಇವರಲ್ಲಿ ಯಾರಿಗೂ ಸರ್ಟಿಫಿಕೇಟ್ ಅಂದರೆ ಏನು ಅಂತ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಅದರ ಅವಧಿ ಮುಗಿದ ದಿನ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಮಧ್ಯಾಹ್ನ ಅಡಿಕೆ ಟೆಂಡರ್ ಮುಗಿಯುತ್ತಿದ್ದಂತೆ ರಾಶಿಗೆ ಎಷ್ಟು, ಚಾಲಿಗೆ ಎಷ್ಟು ಅಂತ ನೋಡಲು ಸಂಘದ ಸದಸ್ಯರು ಮೊಬೈಲ್ ತೆಗೆಯುತ್ತಾರೆ. ಆ ಹೊತ್ತಿಗೆ ಸರಿಯಾಗಿ ಬ್ರೌಸರ್ ಪರದೆ ತುಂಬ ಎಚ್ಚರಿಕೆ ತೋರಿಸಿದರೆ ಮುಗೀತು. ಸಂಘದ ಸೈಟ್ ಯಾರೋ ಹ್ಯಾಕ್ ಮಾಡಿದ್ದಾರಂತೆ ಅನ್ನುವ ಸುದ್ದಿ ಸಂಜೆಯೊಳಗೆ ಸಿದ್ದಾಪುರ ಮುಟ್ಟಿರುತ್ತದೆ.

ಎಸಿಎಂ, ಅಂದರೆ ಎಡಬ್ಲ್ಯೂಎಸ್ ಸರ್ಟಿಫಿಕೇಟ್ ಮ್ಯಾನೇಜರ್, ಬಂದಿದ್ದು 2016ರಲ್ಲಿ. ಲೋಡ್ ಬ್ಯಾಲೆನ್ಸರ್ (ಬರುವವರನ್ನು ಸರ್ವರ್‌ಗಳಿಗೆ ಹಂಚುವುದು), ಕ್ಲೌಡ್‌ಫ್ರಂಟ್ (ಸೈಟ್‌ನ ಪ್ರತಿಯನ್ನು ನೋಡುವವರ ಹತ್ತಿರದಿಂದ ಕೊಡುವುದು), ಎಪಿಐ ಗೇಟ್‌ವೇ (ಬೇರೆ ಪ್ರೋಗ್ರಾಂಗಳ ಕೋರಿಕೆ ತಗೊಳ್ಳುವುದು) ಇಂಥ ಅಮೆಜಾನ್ ಸೇವೆಗಳಿಗೆ ಹಾಕುವ ಸಾರ್ವಜನಿಕ ಸರ್ಟಿಫಿಕೇಟ್‌ಗೆ ದುಡ್ಡಿಲ್ಲ. ಡೊಮೇನ್ ನಿಮ್ಮದೇ ಅಂತ ತೋರಿಸಲು ಡಿಎನ್‌ಎಸ್‌ನಲ್ಲಿ ಒಂದು ಸಿ-ನೇಮ್ ರೆಕಾರ್ಡ್ (ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ಕಳಿಸುವ ಸಾಲು) ಹಾಕಬೇಕು. ಆ ರೆಕಾರ್ಡ್ ಅಲ್ಲೇ ಇರುವಷ್ಟು ಕಾಲ, ಸರ್ಟಿಫಿಕೇಟ್ ಯಾವುದಾದರೂ ಸೇವೆಗೆ ಜೋಡಿಸಿರುವಷ್ಟು ಕಾಲ, ಅದು ತಾನಾಗಿಯೇ ನವೀಕರಣ ಆಗುತ್ತಾ ಹೋಗುತ್ತದೆ. ಎರಡನೇ ಷರತ್ತನ್ನು ಗಮನಿಸಿ. ಮುಂದೆ ಬೇಕಾಗಬಹುದು ಅಂತ ಸುಮ್ನೆ ಮಾಡಿಟ್ಟ ಸರ್ಟಿಫಿಕೇಟ್ ನವೀಕರಣ ಆಗುವುದಿಲ್ಲ.

ಇದನ್ನೆಲ್ಲ ಕನ್ಸೋಲ್‌ನಲ್ಲಿ, ಅಂದರೆ ಅಮೆಜಾನ್‌ನ ವೆಬ್ ಪುಟದಲ್ಲಿ, ಬಟನ್ ಒತ್ತಿಯೂ ಮಾಡಬಹುದು. ಹಾಗಾದರೆ ಕೋಡ್ ಯಾಕೆ ಅಂತೀರಾ? ಆರು ತಿಂಗಳು ಬಿಟ್ಟು ಬಂದು ನೋಡಿದರೆ ಯಾವ ಹೆಸರಿಗೆ ಯಾವ ಸರ್ಟಿಫಿಕೇಟ್, ಅದು ಎಲ್ಲಿ ಜೋಡಿಸಿದೆ, ರೆಕಾರ್ಡ್ ಎಲ್ಲಿ ಹಾಕಿದೆ ಅಂತ ಕನ್ಸೋಲ್ ಒಂದೇ ಕಡೆ ಹೇಳುವುದಿಲ್ಲ, ಪುಟ ಪುಟ ತೆರೆದು ಹುಡುಕಬೇಕು. ಕೋಡ್ ಹೇಳುತ್ತದೆ. ಟೆರಾಫಾರ್ಮ್‌ನಲ್ಲಿ ಇದಕ್ಕೆ ಮೂರು ರಿಸೋರ್ಸ್ (ಒಂದೊಂದು ಕೆಲಸದ ಕೋಡ್ ತುಂಡು) ಸಾಕು. ಒಂದು ಸರ್ಟಿಫಿಕೇಟ್ ಕೇಳುತ್ತದೆ. ಎರಡನೆಯದು ಅಮೆಜಾನ್‌ನ ಡಿಎನ್‌ಎಸ್ ಸೇವೆಯಾದ ರೂಟ್ 53ರಲ್ಲಿ ಸಿ-ನೇಮ್ ಹಾಕುತ್ತದೆ. ಮೂರನೆಯದು ವ್ಯಾಲಿಡೇಶನ್. ಅದು ಏನನ್ನೂ ಹುಟ್ಟಿಸುವುದಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಕಾರವಾರ ಬಸ್ಸಿಗೆ ಕಾದು ಕೂತವರ ಹಾಗೆ ಸರ್ಟಿಫಿಕೇಟ್ ಬರುವ ತನಕ ಕೂತಿರುತ್ತದೆ, ಅಷ್ಟೇ. ಡೀಫಾಲ್ಟ್ ಲೆಕ್ಕದಲ್ಲಿ 75 ನಿಮಿಷ ಕಾಯುತ್ತದೆ. ರೂಟ್ 53 ನಿಮ್ಮದೇ ಆಗಿದ್ದರೆ ಒಂದು ಲೋಟ ಚಹಾ ಮುಗಿಯುವುದರೊಳಗೆ ಬಂದುಬಿಡುತ್ತದೆ. ಬರಲಿಲ್ಲ ಅಂದರೆ ಇನ್ನೂ ಕಾಯುವ ಬದಲು ಡಿಎನ್‌ಎಸ್ ಸರಿಯಾಗಿದೆಯಾ ಅಂತ ನೋಡಿ.

ಕೋಡ್ ಬರೆಯುವಾಗ ಮರೆಯಬಾರದ ಸಾಲು 'ಕ್ರಿಯೇಟ್ ಬಿಫೋರ್ ಡಿಸ್ಟ್ರಾಯ್'. ಗೋಕರ್ಣದವರು ಸೈಟ್‌ಗೆ ಬುಕಿಂಗ್ ಅಂತ ಒಂದು ಸಬ್‌ಡೊಮೇನ್ ಬೇಕು ಅಂದರು ಅಂತಿಟ್ಟುಕೊಳ್ಳಿ. ಇರುವ ಸರ್ಟಿಫಿಕೇಟ್‌ಗೆ ಹೊಸ ಹೆಸರು ಸೇರಿಸಲು ಬರುವುದಿಲ್ಲ, ಹೊಸದನ್ನೇ ಮಾಡಬೇಕು. ಆ ಸಾಲು ಇಲ್ಲದಿದ್ದರೆ ಟೆರಾಫಾರ್ಮ್ ಮೊದಲು ಹಳೆಯದನ್ನು ಅಳಿಸಲು ಹೋಗುತ್ತದೆ. ಅದು ಲೋಡ್ ಬ್ಯಾಲೆನ್ಸರ್‌ನಲ್ಲಿ ಬಳಕೆಯಲ್ಲಿದೆ, ಅಳಿಸಲಾಗದು ಅಂತ ಎಸಿಎಂ ತಡೆಯುತ್ತದೆ. ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸಾಲು ಇದ್ದರೆ ಹೊಸದು ಬಂದು ಕೂತ ಮೇಲೆ ಹಳೆಯದು ಹೋಗುತ್ತದೆ, ಸೈಟ್ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ಕಿರಿಕಿರಿ ವೈಲ್ಡ್‌ಕಾರ್ಡ್‌ನದ್ದು, ಅಂದರೆ ಡೊಮೇನ್‌ನ ಸಬ್‌ಡೊಮೇನ್‌ಗಳಿಗೆಲ್ಲ ಒಟ್ಟಿಗೆ ಹಾಕುವ ಹೆಸರಿನದ್ದು. ಅದು ಮೂಲ ಡೊಮೇನ್‌ಗೆ ಅನ್ವಯಿಸುವುದಿಲ್ಲ, ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಬೇಕು. ಬರೆದರೆ ಎರಡಕ್ಕೂ ಒಂದೇ ಸಿ-ನೇಮ್ ಬರುತ್ತದೆ. ಟೆರಾಫಾರ್ಮ್ ಅದೇ ರೆಕಾರ್ಡನ್ನು ಎರಡು ಸಲ ಹಾಕಲು ಹೋಗಿ, ಈಗಾಗಲೇ ಇದೆ ಅಂತ ತಾನೇ ಗೊಣಗುತ್ತದೆ. 'ಅಲೋ ಓವರ್‌ರೈಟ್' ಹಾಕಿದರೆ ಸರಿಹೋಗುತ್ತದೆ. ಕ್ಲೌಡ್‌ಫ್ರಂಟ್ ಬಳಸುವವರಿಗೆ ಒಂದು ಮಾತು: ಉಳಿದದ್ದೆಲ್ಲ ಮುಂಬೈ ರೀಜನ್‌ನಲ್ಲಿ (ಅಮೆಜಾನ್‌ನ ಮುಂಬೈ ಸರ್ವರ್ ಕೇಂದ್ರದಲ್ಲಿ) ಇದ್ದರೂ ಸರ್ಟಿಫಿಕೇಟ್ ಮಾತ್ರ ಉತ್ತರ ವರ್ಜೀನಿಯಾದಲ್ಲೇ ಇರಬೇಕು. ಅದಕ್ಕೆ ಕೋಡ್‌ನಲ್ಲಿ ಸರ್ಟಿಫಿಕೇಟ್‌ಗೆ ಆ ರೀಜನ್ ಬೇರೆಯಾಗಿ ಬರೆಯಬೇಕು. ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ನಿಯಮ ಇರುವುದೇ ಹಾಗೆ.

ನಿಜವಾದ ತಲೆನೋವು ಇರುವುದು ಡಿಎನ್‌ಎಸ್‌ನಲ್ಲಿ. ಊರ ಕಡೆ ಡೊಮೇನ್ ಯಾರ ಹೆಸರಲ್ಲಿರುತ್ತದೆ ಹೇಳಿ? ಯಾವಾಗಲೋ ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲಿ. ಅವನೀಗ ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾನೆ. ಕೋಚಿಂಗ್ ಸೆಂಟರ್‌ನದ್ದು ಹೀಗೇ ಆಗಿತ್ತು. ಡೊಮೇನ್ ಮಾರುವ ಒಂದು ಕಂಪನಿಯಲ್ಲಿ ಖಾತೆ, ಪಾಸ್‌ವರ್ಡ್ ಮಾಲೀಕರ ಅಳಿಯನ ಹತ್ತಿರ. ನಾನು ಕಳಿಸಿದ ಸಿ-ನೇಮನ್ನು ಅವರು ಒಂದಕ್ಷರ ಬಿಡದೆ ಹಾಕಿದರು. ಸರ್ಟಿಫಿಕೇಟ್ ಬರಲೇ ಇಲ್ಲ. ಡಿಎನ್‌ಎಸ್‌ನಲ್ಲಿ ಏನಿದೆ ಅಂತ ತೋರಿಸುವ 'ಡಿಗ್' ಕಮಾಂಡ್ ಹಾಕಿ ನೋಡಿದರೆ ಹೆಸರಿನ ಕೊನೆಗೆ ಡೊಮೇನ್ ಎರಡು ಸಲ ಬಂದಿದೆ! ಆ ಕಂಪನಿಯ ಪ್ಯಾನೆಲ್ ಡೊಮೇನನ್ನು ತಾನೇ ಸೇರಿಸುತ್ತದೆ, ಹಾಗಂತ ಎಲ್ಲೂ ಬರೆದಿಲ್ಲ. ಅಳಿಯ ಪಾಪ ಫೋನಿನಲ್ಲಿ, "ಅಕ್ಕಾ, ನೀವು ಕೊಟ್ಟಿದ್ದನ್ನೇ ಕಾಪಿ ಮಾಡಿದ್ದೇನೆ ನೋಡಿ" ಅನ್ನುತ್ತಿದ್ದರು. ಅವರು ಹೇಳಿದ್ದು ಸರಿಯೇ ಇತ್ತು. ಕೊನೆಯ ಡೊಮೇನ್ ಭಾಗ ತೆಗೆಸಿದ ಮೇಲೆ ಸರ್ಟಿಫಿಕೇಟ್ ಬಂತು.

ಇಲ್ಲಿ ಎಸಿಎಂಗೆ ಒಂದು ಮೆಚ್ಚುಗೆ ಹೇಳಲೇಬೇಕು. ಒಂದೇ ಖಾತೆಯಲ್ಲಿ ಒಂದು ಡೊಮೇನ್‌ಗೆ ಕೊಡುವ ಸಿ-ನೇಮ್ ಯಾವಾಗಲೂ ಒಂದೇ. ಸರ್ಟಿಫಿಕೇಟ್ ಅಳಿಸಿ ಮತ್ತೆ ಮಾಡಿದರೂ ಅದೇ ರೆಕಾರ್ಡ್ ನಡೆಯುತ್ತದೆ. ಹಾಗಾಗಿ ಅಳಿಯನಿಗೆ ಮತ್ತೆ ಮತ್ತೆ ಫೋನ್ ಮಾಡುವ ಕಷ್ಟ ಇಲ್ಲ. ಆದರೆ "ಇದೆಂಥದೋ ಅಂಡರ್‌ಸ್ಕೋರ್ ಇರುವ ರೆಕಾರ್ಡ್, ಬೇಡದ್ದು" ಅಂತ ಯಾರೂ ತೆಗೆಯದ ಹಾಗೆ ಹೇಳಿಟ್ಟಿರಬೇಕು.

ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಅಂದರೆ ನವೀಕರಣಕ್ಕೆ ನನ್ನ ಲ್ಯಾಪ್‌ಟಾಪ್ ಬೇಡ. ಜುಲೈ ಮಳೆಯಲ್ಲಿ ಇಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಇನ್ವರ್ಟರ್ ಕೈಕೊಟ್ಟರೆ ಫೈಬರ್ ಕೂಡ ಸತ್ತ ಹಾಗೇ. ಅಂಥ ವಾರದಲ್ಲೂ ಸಂಘದ ಸರ್ಟಿಫಿಕೇಟ್ ತನ್ನಷ್ಟಕ್ಕೆ ನವೀಕರಣ ಆಗಿರುತ್ತದೆ. ಬರೆದ ಕೋಡನ್ನು ಜಾರಿ ಮಾಡಲು ಹೊಸದಾಗಿ 'ಅಪ್ಲೈ' ಕಮಾಂಡ್ ಕೊಟ್ಟಾಗ ಮಾತ್ರ ಎಚ್ಚರ ಬೇಕು. ಕಾಯುವ ಹೊತ್ತಿನಲ್ಲಿ ನೆಟ್ ಹೋದರೆ ಸ್ಟೇಟ್ ಫೈಲ್‌ನ (ಏನೇನು ಮಾಡಿದೆ ಅಂತ ಟೆರಾಫಾರ್ಮ್ ಬರೆದಿಡುವ ಫೈಲ್) ಲಾಕ್ ಹಾಗೇ ಉಳಿದುಬಿಡಬಹುದು. ಆಮೇಲೆ 'ಫೋರ್ಸ್ ಅನ್‌ಲಾಕ್' ಕೊಟ್ಟು ಬಿಡಿಸಬೇಕಾಗುತ್ತದೆ. ಸ್ಟೇಟ್ ಫೈಲ್ ಅಮೆಜಾನ್‌ನಲ್ಲಿ ಫೈಲ್ ಇಡುವ ಜಾಗವಾದ ಎಸ್3ಯಲ್ಲೇ ಇರಲಿ. ಈಗ ಲಾಕ್ ಕೂಡ ಅಲ್ಲೇ ಇಡಬಹುದು, ಮೊದಲಿನಂತೆ ಡೈನಮೋಡಿಬಿ ಡೇಟಾಬೇಸಿನ ಟೇಬಲ್ ಬೇಕಿಲ್ಲ. ಎಸಿಎಂ ಮಾಡುವ ಸರ್ಟಿಫಿಕೇಟ್‌ನ ಪ್ರೈವೇಟ್ ಕೀ (ಗುಟ್ಟಾಗಿಡಬೇಕಾದ ಕೀಲಿ) ಆ ಫೈಲ್‌ಗೆ ಬರುವುದೇ ಇಲ್ಲ, ಅದೊಂದು ಸಮಾಧಾನ. ಟೆರಾಫಾರ್ಮ್‌ನಲ್ಲಿ ಕೀ ಮಾಡಿಕೊಡುವ ಟಿಎಲ್‌ಎಸ್ ಪ್ರೊವೈಡರ್ ಅನ್ನುವ ಭಾಗದಿಂದ ಕೀ ಹುಟ್ಟಿಸಿದರೆ ಅದು ಸ್ಟೇಟ್ ಫೈಲ್‌ನೊಳಗೆ ಬಂದು ಕೂರುತ್ತದೆ. ಹಾಗೆ ಮಾಡಬೇಡಿ.

ಸರ್ಟಿಫಿಕೇಟನ್ನು ಕೈಯಿಂದಲೇ ಬದಲಿಸುತ್ತೇನೆ, ವರ್ಷಕ್ಕೊಂದು ಸಲ ತಾನೇ ಅನ್ನುವವರು ಇನ್ನೂ ಇದ್ದಾರೆ. ಅವರ ಕಾಲ ಮುಗಿಯಿತು. ಸರ್ಟಿಫಿಕೇಟ್ ಕೊಡುವವರು ಮತ್ತು ಬ್ರೌಸರ್ ಕಂಪನಿಗಳು ಸೇರಿದ ಸಿಎ ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ಮತ ಹಾಕಿ ತೀರ್ಮಾನಿಸಿಬಿಟ್ಟಿದೆ. 398 ದಿನ ಇದ್ದ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100, 2029ರ ಮಾರ್ಚ್ 15ರಿಂದ 47. ನಲವತ್ತೇಳು ದಿನಕ್ಕೊಮ್ಮೆ ಎಷ್ಟು ಸೈಟ್ ಅಂತ ಕೈಯಿಂದ ಬದಲಿಸುತ್ತೀರಿ?

ಇನ್ನು ದುಡ್ಡಿನ ವಿಷಯ. ಸರ್ಟಿಫಿಕೇಟ್ ಪುಕ್ಕಟೆ ನಿಜ, ಆದರೆ ಅದನ್ನು ಹಾಕುವ ಜಾಗ ಪುಕ್ಕಟೆ ಅಲ್ಲ. ಪುಕ್ಕಟೆ ಸರ್ಟಿಫಿಕೇಟನ್ನು ಹೊರಗೆ ತೆಗೆದು ನಿಮ್ಮ ಸರ್ವರ್‌ಗೆ ಹಾಕಲು ಬರುವುದಿಲ್ಲ. ಹೊರಗೆ ಒಯ್ಯಬಹುದಾದ ಬಗೆ 2025ರ ಜೂನ್‌ನಲ್ಲಿ ಬಂತು, ಬಂದಾಗ ಒಂದು ಹೆಸರಿಗೆ 15 ಡಾಲರ್, ವೈಲ್ಡ್‌ಕಾರ್ಡ್‌ಗೆ 149 ಡಾಲರ್ ಇತ್ತು. ಬರೀ ಫೋಟೊ, ಮಾಹಿತಿ ಇರುವ ಸೈಟ್ ಆದರೆ ಎಸ್3ಯಲ್ಲಿಟ್ಟು ಕ್ಲೌಡ್‌ಫ್ರಂಟ್ ಹಾಕಿ, ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ರೂಟ್ 53ರ ಜೋನ್‌ಗೆ (ಒಂದು ಡೊಮೇನ್‌ನ ರೆಕಾರ್ಡ್‌ಗಳ ಪಟ್ಟಿಗೆ) ತಿಂಗಳಿಗೆ ಅರ್ಧ ಡಾಲರ್. ಲೋಡ್ ಬ್ಯಾಲೆನ್ಸರ್ ಬೇಕಾದರೆ ಮಾತ್ರ ಒಬ್ಬರೂ ಸೈಟ್‌ಗೆ ಬರದಿದ್ದರೂ ತಿಂಗಳಿಗೆ 15 ಡಾಲರ್ ಮೇಲೆ ಹೋಗುತ್ತದೆ. ಸಂಘಕ್ಕೆ ಅದು ದೊಡ್ಡದಲ್ಲ, ಸಣ್ಣವರಿಗೆ ದೊಡ್ಡದೇ.

ಯಾಣದ ಕಡೆಯ ಹೋಂಸ್ಟೇಯವರು ಸಂಘದಲ್ಲಿ ಯಾರೋ ಹೇಳಿದ್ದು ಕೇಳಿ, "ಅವರಿಗೆ ಹಾಕಿದ್ದನ್ನೇ ನಮಗೂ ಹಾಕಿಬಿಡು ತಂಗಿ" ಅಂದರು. ಅವರದ್ದು ಬುಕಿಂಗ್ ಪ್ರೋಗ್ರಾಂ ಸಮೇತ ಒಂದೇ ಸಣ್ಣ ಸರ್ವರ್, ಅದರಲ್ಲಿ ಸರ್ಟ್‌ಬಾಟ್ ಅನ್ನುವ ಪ್ರೋಗ್ರಾಂ ಇದೆ. ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ 90 ದಿನದ ಸರ್ಟಿಫಿಕೇಟನ್ನು ಅದು ತಾನೇ ಬದಲಿಸಿಕೊಳ್ಳುತ್ತದೆ. ಅವಧಿ ಮುಗಿಯುತ್ತಾ ಬಂತು ಅಂತ ಲೆಟ್ಸ್ ಎನ್‌ಕ್ರಿಪ್ಟ್‌ನವರು ಕಳಿಸುತ್ತಿದ್ದ ಮೇಲ್ 2025ರ ಜೂನ್‌ನಲ್ಲಿ ನಿಂತುಹೋಗಿದೆ, ಅದಕ್ಕೆ ದಿನಕ್ಕೊಮ್ಮೆ ಅವಧಿ ನೋಡಿ ನನಗೆ ಮೆಸೇಜ್ ಕಳಿಸುವ ಸಣ್ಣ ಸ್ಕ್ರಿಪ್ಟ್ ಹಾಕಿದ್ದೇನೆ. ಸಂಘಕ್ಕೆ ಹಾಕಿದ್ದನ್ನೇ ಹಾಕಬೇಕು ಅಂದರೆ ಸರ್ವರ್‌ನ ಎದುರಿಗೆ ಲೋಡ್ ಬ್ಯಾಲೆನ್ಸರ್ ಇಡಬೇಕು, ವರ್ಷಕ್ಕೆ ಹದಿನೈದು ಸಾವಿರ ದಾಟುತ್ತದೆ ಅಂದೆ. "ಅಷ್ಟು ದುಡ್ಡಿಗೆ ಇನ್ವರ್ಟರ್‌ಗೆ ಹೊಸ ಬ್ಯಾಟರಿ ಬರ್ತದಲ್ಲೇ" ಅಂದರು. ಬ್ಯಾಟರಿಯೇ ತಗೊಳ್ಳಿ ಅಂದೆ. ಅವರ ಸೈಟ್ ಸರ್ಟ್‌ಬಾಟ್‌ನಲ್ಲೇ ಇದೆ.